ನಾನು ಕಂಡ ಕಮಲಾಪುರದ ರವಿವಾರಗಳು

ಅಂಗಡಿಗಳು ವಾರಕ್ಕೊಂದು ದಿನ ಮುಚ್ಚಿವೆಯೋ ಇಲ್ಲವೋ ಎಂದು ನೋಡಿಬರುವುದು ಒಂದು ಕಾಲಕ್ಕೆ ನನ್ನ ನೌಕರಿಯಾಗಿತ್ತು. ಈಗಿನವರಿಗೆ ಹೇಳಿದರೆ, ಅದಕ್ಕೂ ಒಬ್ಬ ಮನುಷ್ಯ ಬೇಕಿತ್ತೇ ಎಂದು ನಗುತ್ತಾರೆ. ಬೇಕಿತ್ತು. ನನ್ನನ್ನು ಇನ್‌ಸ್ಪೆಕ್ಟರ್ ಎಂದು ಕರೆಯುತ್ತಿದ್ದರು. ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ. ಕಾರ್ಮಿಕ ಇಲಾಖೆಯವನು; ಖಾಕಿ ಇಲ್ಲ, ಲಾಠಿ ಇಲ್ಲ. ಒಂದು ರೆಗ್ಜಿನ್ ಬ್ಯಾಗು, ಅದರೊಳಗೆ ಡೈರಿ, ನೋಟೀಸಿನ ಪುಸ್ತಕ, ಎರಡು ಪೆನ್ನು. ಕಚೇರಿ ಕಲಬುರಗಿಯಲ್ಲಿ. ಸುತ್ತಲಿನ ನಾಲ್ಕೈದು ಊರುಗಳ ಪೇಟೆಗಳು ನನ್ನ ಪಾಲಿಗೆ ಬಂದಿದ್ದವು. ಕಮಲಾಪುರದ ಪೇಟೆಗೆ ವಾರದ ರಜೆ ರವಿವಾರ. ಆದ್ದರಿಂದ ತಿಂಗಳಿಗೆ ಎರಡು ರವಿವಾರ ನಾನು ಕಮಲಾಪುರಕ್ಕೆ ಹೋಗಿ, ಅಲ್ಲಿ ಏನೂ ನಡೆಯುತ್ತಿಲ್ಲ ಎಂಬುದನ್ನು ಕಣ್ಣಾರೆ ಕಂಡು, ಹಾಗೆಂದು ಬರೆದುಕೊಂಡು ಬರಬೇಕಿತ್ತು. ಎಲ್ಲರಿಗೂ ಸೂಟಿ ಇದ್ದ ದಿನ ನನಗೆ ಡ್ಯೂಟಿ. ನನ್ನ ಸೂಟಿ ಸೋಮವಾರ. ಆ ದಿನ ಮಾತಾಡಿಸಲು ಓಣಿಯಲ್ಲಿ ಒಬ್ಬ ಗಂಡಸೂ ಸಿಗುತ್ತಿರಲಿಲ್ಲ.

ಆಗ ಹೊಸದಾಗಿ ಮದುವೆಯಾಗಿತ್ತು. "ನೀವು ಐತಾರ ದಿನಾನೂ ಹೋಗಿಬಿಟ್ರ ನಾ ಒಬ್ಬಾಕಿ ಗ್ವಾಡಿ ನೋಡ್ಕೋತ ಕುಂದ್ರಬೇಕೇನ್ರಿ? ನಾನೂ ಬರ್ತೀನಿ," ಎಂದು ಹೆಂಡತಿ ಚಪ್ಪಲಿ ಮೆಟ್ಟಿ ನಿಂತಳು. ತಪಾಸಣೆಗೆ ಹೆಂಡತಿಯನ್ನು ಕರೆದೊಯ್ಯಬಾರದು ಎಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಬರೆದಿದ್ದರೂ ಆಕೆ ಬರುತ್ತಿದ್ದಳು.

ಹತ್ತು ಗಂಟೆಯ ಹೊತ್ತಿಗೆ ಕಮಲಾಪುರ ಮುಟ್ಟುವ ಒಂದು ಬಸ್ಸಿತ್ತು. ಯಾವಾಗಲೂ ಅದೇ ಬಸ್ಸು, ಡ್ರೈವರನ ಹಿಂದಿನ ಅದೇ ಸೀಟು. ಇಳಿದು ಪೇಟೆಯ ಕಡೆ ತಿರುಗಿದರೆ ಉದ್ದಕ್ಕೂ ಮುಚ್ಚಿದ ಬಾಗಿಲುಗಳು. ಆಗಿನ್ನೂ ಶಟರುಗಳು ಕಡಿಮೆ. ಒಂದರ ಪಕ್ಕ ಒಂದು ನಿಲ್ಲಿಸುವ ಮರದ ಹಲಗೆಗಳು, ಅವುಗಳ ಮೇಲೆ ಅಡ್ಡ ಕಬ್ಬಿಣದ ಪಟ್ಟಿ, ಅದಕ್ಕೊಂದು ಬೀಗ. ಬಟ್ಟೆ ಅಂಗಡಿ, ಕಿರಾಣಿ, ಬಳೆ ಅಂಗಡಿ, ಹಗ್ಗ ಮಾರುವವನದು, ಎಲ್ಲ ಹೀಗೆ ಕಣ್ಣು ಮುಚ್ಚಿಕೊಂಡು ನಿಂತಿರುತ್ತಿದ್ದವು. ಗಿರಣಿಯ ಸದ್ದಿಲ್ಲ. ಕಟ್ಟೆಗಳ ಮೇಲೆ ಆಡುಗಳು ಮಲಗಿರುತ್ತಿದ್ದವು. ನಮ್ಮ ಚಪ್ಪಲಿಯ ಸಪ್ಪಳ ನಮಗೇ ಕೇಳಿಸುತ್ತಿತ್ತು. ಎಲ್ಲೋ ಒಳಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು, ಅದೂ ಹತ್ತು ಮನೆ ಆಚೆಯದು, ಹತ್ತಿರದಲ್ಲೇ ಬಡಿದಂತೆ ಬರುತ್ತಿತ್ತು. ಕಲಬುರಗಿಯಲ್ಲಿ ರಸ್ತೆಯ ಅಂಚು ಹಿಡಿದು ನಡೆಯುತ್ತಿದ್ದ ನನ್ನ ಹೆಂಡತಿ ಇಲ್ಲಿ ಬೀದಿಯ ನಟ್ಟನಡುವೆ ಎರಡೂ ಕೈ ಬೀಸಿಕೊಂಡು ನಡೆಯುತ್ತಿದ್ದಳು.

ಈ ತುದಿಯಿಂದ ಆ ತುದಿಗೆ ಹೋಗಿ ಬರಲು ಅರ್ಧ ಗಂಟೆ. ಆಮೇಲೆ ದೊಡ್ಡದೊಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ, ಬೇವಿನ ನೆರಳಿನಲ್ಲಿ ಕೂಡುತ್ತಿದ್ದೆವು. ಆಕೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿರುತ್ತಿದ್ದಳು. ನೀರಿಗೆ ಅಂಗಡಿಯ ಹಿಂದಿನ ಮನೆಗೆ ಹೋಗಿ ತಂಬಿಗೆ ತುಂಬಿಸಿಕೊಂಡು ಬರುತ್ತಿದ್ದಳು. ಉಂಡು, ನಾನು ಡೈರಿ ಬರೆದು, ಇಬ್ಬರೂ ಸುಮ್ಮನೆ ಕೂತಿರುತ್ತಿದ್ದೆವು. ಒಮ್ಮೆ ಹೀಗೆ ಕೂತಾಗ ನಮ್ಮ ಬೆನ್ನ ಹಿಂದೆಯೇ, ಮುಚ್ಚಿದ ಹಲಗೆಗಳ ಒಳಗೆ, ಯಾರೋ ಜೋರಾಗಿ ಸೀನಿದರು. ಆಮೇಲೆ ಮತ್ತೆ ನಿಶ್ಶಬ್ದ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಂಗಡಿಯವನು ಒಳಗೆ ಮಲಗಿರಬೇಕು, ಮಲಗಲಿ ಪಾಪ, ಸೂಟಿ ಅಲ್ಲವೇ ಎಂದು ನಾನಂದುಕೊಂಡೆ. ಒಂದೂವರೆಯ ಬಸ್ಸಿಗೆ ಮರಳಿ ಬರುತ್ತಿದ್ದೆವು.

ಹೀಗೆ ಆರು ವರ್ಷ. ಆಮೇಲೆ ಬೇರೆ ಜಿಲ್ಲೆಗೆ ವರ್ಗವಾಯಿತು, ಬೇರೆ ಕೆಲಸ ಕೊಟ್ಟರು.

ನಿವೃತ್ತಿಯ ನಂತರ ಕಲಬುರಗಿಗೇ ಬಂದು ಕುಸನೂರ ಕಡೆ ಮನೆ ಕಟ್ಟಿಸಿಕೊಂಡೆವು. ಕಟ್ಟಿಸುವಾಗ ಎದುರಿಗೆ ಜೋಳದ ಹೊಲವಿತ್ತು. ಈಗ ಅಲ್ಲಿ ಸಾಲಾಗಿ ಅಂಗಡಿಗಳು. ರವಿವಾರ ಬಂತೆಂದರೆ ಉಳಿದ ದಿನಕ್ಕಿಂತ ಒಂದು ತಾಸು ಮೊದಲೇ ತೆಗೆಯುತ್ತಾರೆ. ಫರ್ನಿಚರ್ ಅಂಗಡಿಯ ಮುಂದೆ ಒಂದು ಭೋಂಗಾ ಇಟ್ಟು, ಹಳೆಯ ಸೋಫಾ ತರ್ರಿ ಹೊಸಾದು ಒಯ್ಯಿರಿ ಎಂದು ಅದೇ ಮಾತನ್ನು ಸಂಜೆಯವರೆಗೆ ತಿರುಗಿಸುತ್ತಾರೆ. ನಾನು ಕಿಟಕಿ ಹಾಕಿ ಹೆಂಡತಿಗೆ ಹೇಳುತ್ತಿದ್ದೆ: "ಕಮಲಾಪುರದ ಐತಾರ ನೆನಪದನ?" ಆಕೆ "ಹೂಂ" ಎನ್ನುತ್ತಿದ್ದಳು. ಬೆಳಿಗ್ಗೆ ಜೊತೆಗೆ ನಡೆಯಲು ಬರುವ ಗೆಳೆಯರಿಗೂ ಹೇಳುತ್ತಿದ್ದೆ. ಮನುಷ್ಯರಿಗೆ ಆಗ ಸುಮ್ಮನಿರುವುದು ಗೊತ್ತಿತ್ತು, ಒಂದು ದಿನ ಗಳಿಕೆ ಬಿಟ್ಟರೆ ಸಾಯುವುದಿಲ್ಲ ಎಂಬ ಧೈರ್ಯವಿತ್ತು ಎನ್ನುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು.

ಕೆಲವು ತಿಂಗಳ ಹಿಂದೆ ನಮ್ಮ ಮಿಕ್ಸರ್ ಕೆಟ್ಟಿತು. ಊರೊಳಗಿನ ಮೋಮಿನಪುರದಲ್ಲಿ ಒಬ್ಬರು ಚೆನ್ನಾಗಿ ರಿಪೇರಿ ಮಾಡುತ್ತಾರೆಂದು ಯಾರೋ ಹೇಳಿದ್ದರಿಂದ, ಒಂದು ರವಿವಾರ ಚೀಲದಲ್ಲಿ ಹಾಕಿಕೊಂಡು ಹೋದೆ. ಗಲ್ಲಿಯ ಒಳಗೆ ಒಂದು ಚಿಕ್ಕ ಅಂಗಡಿ. ಐವತ್ತು ದಾಟಿದ ಮನುಷ್ಯ ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಒಂದು ಫ್ಯಾನಿನ ತಂತಿ ಸುತ್ತುತ್ತಿದ್ದ. ನನ್ನ ಹಳೆಯ ಚಾಳಿ, ಮಿಕ್ಸರ್ ಇಡುವ ಮೊದಲೇ ಕೇಳಿದೆ: "ಐತಾರನೂ ತೆಗೀತೀರೇನ್ರಿ?"

ಆತ ತಲೆ ಎತ್ತಿ ನನ್ನನ್ನೇ ನೋಡಿದ. ಕನ್ನಡಕ ಕೆಳಗಿಳಿಸಿ ಮತ್ತೊಮ್ಮೆ ನೋಡಿದ.

"ಅರೇ! ನೀವು ಬಂದ್ ಸಾಬ್ ಅಲ್ರೀ?"

"ಯಾವ ಬಂದ್ ಸಾಬ್?"

"ಕಮಲಾಪುರಕ್ಕ ಬರ್ತಿದ್ರಲ್ರಿ, ಐತಾರ ದಿನ, ಹತ್ತರ ಬಸ್ಸಿಗೆ! ಬೇಗಂ ಸಾಹೇಬಾನೂ ಸಂಗಟ ಇರ್ತಿದ್ರು. ಬಸ್ ಸ್ಟ್ಯಾಂಡ್ ಬಾಜೂಕ ನಮ್ಮ ಅಬ್ಬಾಂದು ಸ್ಟೋ ರಿಪೇರಿ ದುಕಾನ್ ಇತ್ರಿ. ನಾ ಅಲ್ಲೇ ಕೆಲಸ ಕಲ್ತಿದ್ದು."

ನನಗೆ ಅಂಥದೊಂದು ಹೆಸರಿತ್ತು ಎಂಬುದೇ ಆ ದಿನದವರೆಗೆ ಗೊತ್ತಿರಲಿಲ್ಲ. ಆದರೂ ಖುಷಿಯಾಯಿತು. ಸ್ಟೂಲಿನ ಮೇಲೆ ಕೂತು, "ಏನ್ ಶಾಂತ ಇತ್ತಪ್ಪಾ ನಿಮ್ಮೂರ ಐತಾರ!" ಎಂದೆ.

ಆತ ಸ್ಕ್ರೂಡ್ರೈವರ್ ಕೆಳಗಿಟ್ಟು ನಗತೊಡಗಿದ. "ಶಾಂತ? ನೀವು ಬಂದಾಗ ಶಾಂತ್ರಿ ಸಾಬ್. ನೀವು ಹೋದಮ್ಯಾಲ ಮತ್ತ ಚಾಲೂ."

"ಹಂಗಂದ್ರ?"

"ಊರ ಹೊರಗ ತಿರುವು ಬರ್ತದಲ್ರಿ, ಅಲ್ಲಿ ಡ್ರೈವರ್ ಹಾರನ್ ಹೊಡೀತಿದ್ದ. ಬಸ್ಸಿನ್ಯಾಗ ನೀವು ಇದ್ರ ಎರಡು ಸಲ, ಇಲ್ಲಂದ್ರ ಒಂದಾ ಸಲ. ಎರಡು ಕೇಳಿದ್ವು ಅಂದ್ರ ಧಡಾಧಡ ಬಾಗಿಲಾ ಹಾಕ್ತಿದ್ರು. ಬಜಾರದಾಗಿನ ಗಿರಾಕೀನೂ ಒಳಗಾ ಕುಂದರಸ್ತಿದ್ರು. ಒಂದೂವರೆ ಬಸ್ಸಿಗೆ ನೀವು ಹತ್ತಿದ್ರಿ ಅಂತ ನಮ್ಮ ಅಬ್ಬಾ ಕೈ ಮಾಡಿ ತೋರಸ್ತಿದ್ರು. ಐದು ಮಿನಿಟಿನ್ಯಾಗ ಪೇಟೆ ಖುಲ್ಲಾ!"

ಆತನ ಮಾತಿನಲ್ಲಿ ದ್ವೇಷವೇನೂ ಇರಲಿಲ್ಲ. ಹಳೆಯ ಆಟವೊಂದನ್ನು, ಅದನ್ನು ಜೊತೆಗೆ ಆಡಿದವನಿಗೇ ನೆನಪಿಸುವಂತೆ ಹೇಳುತ್ತಿದ್ದ. ನನಗೂ ಗೊತ್ತಿರಬೇಕು ಎಂದೇ ತಿಳಿದಿದ್ದ. ನಾನು ನಗಲು ಹೋದೆ, ಆಗಲಿಲ್ಲ. ಸಿಟ್ಟು ಮಾಡೋಣವೆಂದರೆ ಯಾರ ಮೇಲೆ? ಎದ್ದು ಗಲ್ಲಿ ದಾಟಿ ಬಂದುಬಿಟ್ಟೆ. ಹಿಂದಿನಿಂದ ಆತ "ಸಾಬ್, ಮಿಕ್ಸರ್ ಇಟ್ಟು ಹೋಗ್ರಿ, ಚೀಲದಾಗಾ ಅದ!" ಎಂದು ಕೂಗಿದಾಗ, ಕೈಯಲ್ಲಿ ಇನ್ನೂ ಚೀಲ ಹಿಡಿದಿದ್ದೇನೆಂದು ತಿಳಿಯಿತು. ಹೋಗಿ ಕೊಟ್ಟು ಬಂದೆ.

ಮನೆಗೆ ಬಂದಾಗ ಹೆಂಡತಿ ಮೆಂತ್ಯ ಸೊಪ್ಪು ಸೋಸುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ: ಹಾರನ್ನು, ಬಾಗಿಲುಗಳು, ನನ್ನ ಹೆಸರು. ಆಕೆಯ ಕೈ ನಿಲ್ಲಲಿಲ್ಲ. ಅಯ್ಯೋ ಹೌದೇ ಎಂದೂ ಅನ್ನಲಿಲ್ಲ.

"ನಿನಗ ಗೊತ್ತಿತ್ತೇನು?" ಎಂದು ಕೇಳಿದೆ.

"ಗೊತ್ತಿತ್ತು."

"ಯಾವಾಗಿಂದ?"

"ಎರಡನೇ ಸಲ ಹೋದಾಗಿಂದ. ನೀರು ತರಾಕ ಹಿಂದಿನ ಮನಿಗಿ ಹೋಗಿದ್ದೆ ನೋಡ್ರಿ. ಹಿತ್ತಲ ಬಾಗಿಲದಾಗ ಐದಾರು ಮಂದಿ ಎಣ್ಣಿ ಶೀಶೆ ಹಿಡ್ಕೊಂಡು ನಿಂತಿದ್ರು. ಆ ಮನಿ ಅಕ್ಕಾರು ನನ್ನ ಕೈ ಹಿಡ್ಕೊಂಡು, ಸಾಹೇಬ್ರಿಗಿ ಹೇಳಬ್ಯಾಡ್ರಿ ಅಂದ್ರು. ಹೇಳಂಗಿಲ್ಲ ಅಂದೆ."

"ನನಗ ಹೇಳಬೇಕಿತ್ತಲ್ಲ?"

"ನೀವು ಹೊರಗ ಎಷ್ಟು ಖುಷಿಲೇ ಕುಂತಿದ್ರಿ. ಬಸ್ಸಿನ್ಯಾಗ ಮನಿತನಕ ಅದನ್ನಾ ಹೇಳ್ಕೋತ ಬಂದ್ರಿ. ಹ್ಯಾಂಗ ಹೇಳ್ಲಿ?"

"ಆರು ವರ್ಷ!"

"ನೀವೂ ಕೇಳಲಿಲ್ಲಲ್ಲ."

ಆ ಸಂಜೆ ಅಟ್ಟದಿಂದ ಹಳೆಯ ಡೈರಿಗಳನ್ನು ಇಳಿಸಿದೆ. ಇಲಾಖೆಗೆ ಒಪ್ಪಿಸಿದ್ದರ ನಕಲು, ನನ್ನದೇ ಅಕ್ಷರ. ಪ್ರತಿ ಪುಟದಲ್ಲೂ ಒಂದೇ ವಾಕ್ಯ: 'ಪೇಟೆ ಸಂಪೂರ್ಣ ಬಂದ್. ತಕರಾರು ಇಲ್ಲ.' ಓದುತ್ತ ಹೋದಂತೆ ತಲೆ ಕೆಟ್ಟಿತು. ಬರೆದದ್ದು ಸುಳ್ಳೇ? ನಾನು ನೋಡಿದಾಗ ಪೇಟೆ ಬಂದ್ ಇದ್ದದ್ದು ನಿಜ. ಆ ಮೂರು ತಾಸು ಒಬ್ಬನೂ ಏನನ್ನೂ ಮಾರಲಿಲ್ಲ, ಹಿತ್ತಲ ಬಾಗಿಲು ಬಿಟ್ಟರೆ. ಹಾಗಾದರೆ ನಾನು ಇಷ್ಟು ವರ್ಷ ನೆನೆಸಿಕೊಂಡ ಶಾಂತಿ ಏನು? ಅದು ಊರಿನ ಸ್ವಭಾವವೆಂದು ತಿಳಿದಿದ್ದೆ. ಅದು ನನ್ನ ಮೇಲಿನ ಭಯವಾಗಿತ್ತು. ನಾನು ಇಲ್ಲದ ಕಮಲಾಪುರದ ರವಿವಾರವನ್ನು ನಾನು ಒಮ್ಮೆಯೂ ನೋಡಿಯೇ ಇಲ್ಲ. ನೋಡುವುದು ಸಾಧ್ಯವೂ ಇರಲಿಲ್ಲ. ಗೆಳೆಯರ ಮುಂದೆ ನಾನು ಹೊಗಳುತ್ತಿದ್ದ ಆ ಧೈರ್ಯವಂತ ಮನುಷ್ಯರು ಉಸಿರು ಬಿಗಿಹಿಡಿದು ಹಲಗೆಯ ಹಿಂದೆ ಕೂತಿದ್ದರು.

ಮುಂದಿನ ರವಿವಾರ, "ಕಮಲಾಪುರಕ್ಕ ಹೋಗಿ ಬರೂಣು," ಎಂದೆ. ಯಾಕೆ ಎಂದು ಆಕೆ ಕೇಳಲಿಲ್ಲ. ಕೇಳಿದ್ದರೆ ನನಗೂ ಹೇಳಲು ಬರುತ್ತಿರಲಿಲ್ಲ.

ಈಗ ಕಾಲುಗಂಟೆಗೊಂದು ಬಸ್ಸು. ತಿರುವಿನಲ್ಲಿ ಕಿವಿಗೊಟ್ಟು ಕೂತೆ. ಡ್ರೈವರ್ ಐದಾರು ಸಲ ಹಾರನ್ ಹೊಡೆದ, ಮುಂದೆ ಟ್ರ್ಯಾಕ್ಟರಿತ್ತು. ಊರು ತಾಲೂಕಾಗಿದೆ. ಇಳಿದಲ್ಲೇ ಕೆಂಪು ಬಾಳೆಹಣ್ಣಿನ ಗೊನೆಗಳು ತೂಗುತ್ತಿದ್ದವು, ಮೊಬೈಲ್ ಅಂಗಡಿ, ಬೇಕರಿ, ಸ್ಕೂಟರ್‌ಗಳು, ಪೇಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ದಾರಿ ತಪ್ಪಿದೆ. ಹೆಂಡತಿಯೇ ಮುಂದಾಗಿ, ಒಂದು ಸಲವೂ ನಿಲ್ಲದೆ, ಆ ಕಿರಾಣಿ ಅಂಗಡಿಯ ಮುಂದೆ ತಂದು ನಿಲ್ಲಿಸಿದಳು. ಬೇವಿನ ಮರ ಇರಲಿಲ್ಲ. ಕಟ್ಟೆಗೆ ಟೈಲ್ಸ್ ಹಾಕಿದ್ದರು. ಒಳಗೆ ಮಗ ವ್ಯಾಪಾರ ಮಾಡುತ್ತಿದ್ದ. ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಎಂಬತ್ತರ ಹತ್ತಿರದ ಹಿರಿಯರು ಕೂತಿದ್ದರು. ನಾವು ಯಾರೆಂದು ಹೇಳುವುದರೊಳಗೆ ಒಳಗಿನಿಂದ ಅವರ ಹೆಂಡತಿ ಬಂದು, ನನ್ನ ಹೆಂಡತಿಯ ಮುಖ ಎರಡೂ ಕೈಯಲ್ಲಿ ಹಿಡಿದು, "ಅಯ್ಯ, ತಂಬಿಗಿ ಅಕ್ಕಾರು!" ಎಂದರು. ಹಾಗಾದರೆ ಆಕೆಗೂ ಒಂದು ಹೆಸರಿತ್ತು.

ನಮ್ಮನ್ನು ಅಂಗಡಿಯ ಒಳಗೇ ಚೀಲಗಳ ಪಕ್ಕ ಕೂರಿಸಿದರು. ಚಹಾ ಬಂತು. ನಾನು ಮೋಮಿನಪುರದಲ್ಲಿ ಕೇಳಿದ್ದನ್ನು ಹೇಳಿ, "ಖರೇನ್ರಿ?" ಎಂದೆ.

ಹಿರಿಯರು ನಕ್ಕರು. "ಖರೇರಿ ಸಾಹೇಬ್ರ. ಈಗೇನು ಮುಚ್ಚಿಡೂದು. ಭಾಳ ಕಾಡಿದ್ರಿ ನಮಗ. ನೀವು ನಮ್ಮ ಕಟ್ಟಿ ಮ್ಯಾಲಾ ಕುಂದ್ರೂದು, ನಾ ಒಳಗ ಮೆಣಸಿನಕಾಯಿ ಚೀಲದ ಬಾಜೂಕ. ಒಮ್ಮೆ ಸೀನು ಬಂದುಬಿಡ್ತು ನೋಡ್ರಿ, ಇವತ್ತು ಕೇಸ್ ಆತು ಅಂತ ನಡುಗಿಬಿಟ್ಟೆ."

ನನಗೆ ನಾಚಿಕೆಯಾಯಿತು. ಎದ್ದು ಕೈ ಮುಗಿದೆ. "ನನ್ನಿಂದ ನಿಮಗ ತ್ರಾಸ ಆತು. ತಪ್ಪು ತಿಳ್ಕೋಬ್ಯಾಡ್ರಿ," ಎಂದೆ.

"ಯಾಕ ಕೈ ಮುಗೀತೀರಿ?" ಎಂದರು ಅವರ ಹೆಂಡತಿ. ದನಿ ಜೋರಾಗಿತ್ತು. "ತ್ರಾಸ ಆಗಿದ್ದು ಇವರಿಗಿ. ನನಗೇನೂ ಆಗಿಲ್ಲ."

"ನೀ ಸುಮ್ಕಿರು," ಎಂದರು ಹಿರಿಯರು.

"ಯಾಕ ಸುಮ್ಕಿರ್ಲಿ? ಸಾಹೇಬ್ರ, ಲಗ್ನ ಆಗಿ ಈ ಮನಿಗಿ ಬಂದಾಗಿಂದ ಈ ಮನಷಾ ಹಗಲಿನ್ಯಾಗ ನನ್ನ ಬಾಜೂಕ ಕುಂತಿದ್ದಿಲ್ಲ. ಮುಂಜಾನೆ ತಕ್ಕಡಿ ಹಿಡಿದ್ರ ಕತ್ತಲಾಗಾತನಕ ತಕ್ಕಡಿ. ನೀವು ಬಂದ್ರ ಮೂರು ತಾಸು ಒಳಗ. ದೀಪ ಹಚ್ಚಂಗಿಲ್ಲ, ದನಿ ಮಾಡಂಗಿಲ್ಲ, ಹೊರಗ ಹೋಗಂಗಿಲ್ಲ. ಏನ್ ಮಾಡ್ತಾರ? ನನ್ನ ಸಂಗಟ ಮಾತಾಡ್ತಿದ್ರು. ಮೆಲ್ಲಕ, ಕಿವ್ಯಾಗ ಹೇಳಿದಂಗ. ನಾ ಎರಡು ಹಾರನ್ ಕೇಳಸ್ತಾವೇನು ಅಂತ ಐತಾರ ಮುಂಜಾನಿಂದ ಕಿವಿ ಅಲ್ಲೇ ಇಟ್ಟಿರ್ತಿದ್ದೆ."

"ಹಿತ್ತಲ ಬಾಗಿಲದಾಗ ವ್ಯಾಪಾರ ನಡದಾ ಇತ್ತಲ್ಲ, ಯಾವಾಗ ಮಾತಾಡಿದ್ವಿ?" ಹಿರಿಯರು ಗೊಂದಲದಿಂದ ಕೇಳಿದರು.

"ಅದು ಒಂದು ವರ್ಷ. ಆಮ್ಯಾಲ ಹಿತ್ತಲ ಬಾಗಿಲಾ ತೆರೀತಿದ್ದಿಲ್ಲ ನೆನಪಿಲ್ಲೇನು?"

"ಚಿಲಕ ಜಂಗ್ ಹಿಡಿದಿತ್ತು."

"ಜಂಗ್ ಹಿಡಿದಿದ್ದಿಲ್ಲ. ನಾನಾ ಹೊರಗಿಂದ ಮೊಳಿ ಹೊಡ್ದಿದ್ದೆ."

ಹಿರಿಯರು ಹೆಂಡತಿಯನ್ನು ನೋಡುತ್ತ ಕೂತರು. ನಾನು ನನ್ನ ಹೆಂಡತಿಯನ್ನು ನೋಡಿದೆ. ಈ ಮೊಳೆಯ ವಿಷಯವೂ ಆಕೆಗೆ ಮೊದಲೇ ಗೊತ್ತಿತ್ತೋ ಏನೋ; ಚಹಾದ ಲೋಟದ ತಳ ನೋಡುತ್ತಿದ್ದಳು.

ನಾನು ಬಾರದ ರವಿವಾರಗಳು ಹೇಗಿರುತ್ತಿದ್ದವು ಎಂದು ಕೇಳಿದೆ. ಆ ಒಂದು ಮಾತು ತಿಳಿದರೆ ಎಲ್ಲ ಸರಿಹೋಗುತ್ತದೆ ಎನ್ನಿಸಿತ್ತು. "ಸಂತ್ಯಾಗ ಇದ್ದಂಗ ಇರ್ತಿತ್ತು," ಎಂದರು ಹಿರಿಯರು. "ಸುಳ್ಳ," ಎಂದರು ಅವರ ಹೆಂಡತಿ, "ಕಡೀ ಎರಡು ವರ್ಷ ಅರ್ಧಾ ಪೇಟೆ ತೆರೀತಿದ್ದಿಲ್ಲ. ಸಾಹೇಬ್ರು ಬರಲಿ ಬಿಡಲಿ. ಮಂದಿಗಿ ರೂಢಿ ಆಗಿತ್ತು." "ಯಾವ ಅರ್ಧಾ ಪೇಟೆ?" "ಬಳಿ ಅಂಗಡಿ, ಬಟ್ಟಿ ಅಂಗಡಿ..." "ಬಟ್ಟಿ ಅಂಗಡಿ ಒಂದು ದಿನಾನೂ ಬಂದ್ ಆಗಿಲ್ಲ!" ಇಬ್ಬರೂ ಒಂದೊಂದೇ ಅಂಗಡಿ ಹಿಡಿದು ವಾದ ಮಾಡತೊಡಗಿದರು. ಒಂದರ ಬಗ್ಗೆಯೂ ಒಮ್ಮತಕ್ಕೆ ಬರಲಿಲ್ಲ. ಎದುರಿನ ಅಂಗಡಿಯ ಮುದುಕರನ್ನು ಕೇಳೋಣವೆಂದರೆ ಅವರು ತೀರಿಕೊಂಡಿದ್ದರು.

ಊಟಕ್ಕೆ ಏಳಲು ಬಿಡಲಿಲ್ಲ. ಅಡುಗೆಮನೆ ದೂರ, ಇವರಿಗೆ ಮೊಣಕಾಲು ನೋವು, ಇಲ್ಲೇ ತಂದುಕೊಡುತ್ತೇನೆ ಎಂದ ಆ ತಾಯಿ ಮಗನಿಗೆ, "ಶಟರ್ ಜರಾ ಎಳಿಯಪ್ಪಾ, ಇವರು ಉಣ್ಣಾತನಕ," ಎಂದರು. ಮಗ ತಂದೆಯ ಮುಖ ನೋಡಿದ. ಆತ ಶಟರನ್ನು ಸೊಂಟದವರೆಗೆ ಎಳೆದು, ಮನೆಯೊಳಗೆ ಹೋದ. ಒಳಗೆ ಅರೆಬೆಳಕಾಯಿತು. ಹೊರಗಿನ ಗದ್ದಲ ಹಾಗೇ ಇತ್ತು; ಸ್ಕೂಟರುಗಳ ಚಕ್ರಗಳು, ಮಂದಿಯ ಕಾಲುಗಳು ಮಾತ್ರ ಕಾಣುತ್ತಿದ್ದವು. ನಾವು ನಾಲ್ವರು ಮುದುಕರು ಬೇಳೆಯ ಚೀಲಗಳ ನಡುವೆ ತಟ್ಟೆ ಹಿಡಿದು ಕೂತೆವು. ಯಾರೂ ಹೇಳದಿದ್ದರೂ ಎಲ್ಲರ ದನಿ ಇಳಿದಿತ್ತು. ಹಿರಿಯರು, "ಪುಂಡಿಪಲ್ಯ ಹಾಕ್ಕೋರಿ," ಎಂದದ್ದು ಪಿಸುಮಾತಿನಲ್ಲಿ. ಇದು ನಾನು ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದ ನಿಶ್ಶಬ್ದದ ಒಳಭಾಗವೋ, ಅಥವಾ ನಾವು ಈಗ ಹೊಸದಾಗಿ ಮಾಡಿಕೊಂಡದ್ದೋ ತಿಳಿಯಲಿಲ್ಲ. ರೊಟ್ಟಿ ಚೆನ್ನಾಗಿತ್ತು.

ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ಶಟರಿನ ಕೆಳಗೆ ಬಗ್ಗಿ ಒಳಗೆ ಇಣುಕಿದಳು. "ಅಂಗಡಿ ಚಾಲೂ ಅದನ್ರಿ, ಬಂದ್ ಅದನ್ರಿ? ಒಂದು ಸಾಬಾನ ಬೇಕಿತ್ತು."

ಹಿರಿಯರು ಹೆಂಡತಿಯನ್ನು ನೋಡಿದರು. ಅವರ ಹೆಂಡತಿ ನನ್ನನ್ನು ನೋಡಿದರು. ಆಮೇಲೆ ಹಿರಿಯರೂ ನನ್ನನ್ನೇ ನೋಡಿದರು, ನಾನು ಇನ್ನೂ ಆ ನೋಟೀಸಿನ ಪುಸ್ತಕ ಇಟ್ಟುಕೊಂಡಿದ್ದೇನೆ ಎಂಬಂತೆ.

"ಚಾಲೂ ಅದ, ಬರ್ರಿ," ಎಂದುಬಿಟ್ಟೆ.

ಆಕೆ ಬಗ್ಗಿ ಒಳಗೆ ಬಂದಳು. ಹಿರಿಯರು ಕೈ ತೊಳೆದು ಸಾಬೂನು ತೆಗೆದುಕೊಟ್ಟರು. ಆಕೆಯ ಹಿಂದೆ ಇನ್ನಿಬ್ಬರು ಬಂದರು. ದನಿ ಕೇಳಿ ಮಗ ಓಡಿಬಂದು ಶಟರನ್ನು ಪೂರ್ತಿ ಮೇಲಕ್ಕೆ ತಳ್ಳಿದ. ಬಿಸಿಲು ನೇರ ನಮ್ಮ ತಟ್ಟೆಗಳ ಮೇಲೆ ಬಿತ್ತು. ಆ ತಾಯಿ ಇನ್ನೊಂದು ರೊಟ್ಟಿ ತಂದು, ಬೇಡವೆಂದರೂ ಹಾಕಿ, ಒಳಗೆ ಹೋದರು. ನಾವು ಹೊರಡುವಾಗ ಹೆಂಡತಿಗೆ ಕುಪ್ಪಸದ ಬಟ್ಟೆ ಕೊಟ್ಟು, "ಮತ್ತ ಬರ್ರಿ. ಐತಾರಾನೇ ಬರ್ರಿ," ಎಂದರು.

ಮರಳುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ಊರು ದಾಟಿ ತೊಗರಿ ಹೊಲಗಳು ಶುರುವಾದ ಮೇಲೆ ಹೆಂಡತಿ ಕೇಳಿದಳು: "ಚಾಲೂ ಅದ ಅಂತ ಯಾಕಂದ್ರಿ? ಆ ಅಕ್ಕಾರ ಮಾರಿ ಹ್ಯಾಂಗಾತು ನೋಡಿದ್ರೇನು?"

ನೋಡಿದ್ದೆ. ಆದರೆ ಬಂದ್ ಅದ ಎಂದಿದ್ದರೆ ಹಿರಿಯರ ಮುಖ ಹೇಗಾಗುತ್ತಿತ್ತೋ. ಆ ಹೆಣ್ಣುಮಗಳಿಗೆ ಸಾಬೂನು ಬೇಕಾಗಿತ್ತು. ಇಷ್ಟೆಲ್ಲ ಹೇಳೋಣವೆಂದು ಬಾಯಿ ತೆರೆದೆ. ಇದು ಯಾವುದೂ ಕಾರಣವಲ್ಲ ಎನ್ನಿಸಿತು.

"ಗೊತ್ತಿಲ್ಲ," ಎಂದೆ.

"ಮುಂದಿನ ತಿಂಗಳ ಹೋಗೂಣೇನು?"

"ಹೋಗೂಣು," ಎಂದೆ. ಆಮೇಲೆ ಎರಡು ಸಲ ಹೋಗಿ ಬಂದಿದ್ದೇವೆ.